ಒದ್ದೆ ಹೆಬ್ಬೆಟ್ಟು

ಡಿಸೆಂಬರ್ ತಿಂಗಳ ಬೆಳಿಗ್ಗೆ. ನಮ್ಮ ಕೊಪ್ಪದ ಕಡೆ ಆ ಹೊತ್ತಿಗೆ ಮಾತಾಡಿದರೆ ಬಾಯಿಂದ ಹಬೆ ಬರುತ್ತದೆ. ಸೊಸೈಟಿಯ ಜಗಲಿಯಲ್ಲಿ ಹದಿನೈದು ಇಪ್ಪತ್ತು ಜನ ಸಾಲಾಗಿ ನಿಂತಿದ್ದೆವು. ಎಲ್ಲರೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ನಾನು ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡು ಒರೆಸುತ್ತಿದ್ದೆ. ಅಂಗೈ ತೊಟ್ಟಿಕ್ಕುತ್ತಿತ್ತು.

ಬಂದದ್ದು ರೇಷನ್ ಕಾರ್ಡಿನ ಇ-ಕೆವೈಸಿಗೆ. ಕಾರ್ಡಿನಲ್ಲಿ ಹೆಸರಿದ್ದವರೆಲ್ಲ ಬಂದು ಹೆಬ್ಬೆಟ್ಟು ಒತ್ತಬೇಕು. ಅಪ್ಪ, ಅಮ್ಮನದು ಆಗಿತ್ತು. ನನ್ನದೊಂದು ಬಾಕಿ. ಅದಕ್ಕೇ ಬೆಂಗಳೂರಿನಿಂದ ರಾತ್ರಿ ಬಸ್ ಹತ್ತಿದ್ದೆ. ಇಡೀ ರಾತ್ರಿ ಒಂದೇ ಯೋಚನೆ. ತಂಬ್ ಬರದೇ ಹೋದರೆ?

ಬೆರಳು ಒದ್ದೆ ಇದ್ದರೆ ಆ ಪುಟ್ಟ ಯಂತ್ರಕ್ಕೆ ಗೆರೆ ಸರಿಯಾಗಿ ಕಾಣುವುದಿಲ್ಲ. ಗೆರೆಗಳ ನಡುವಿನ ಸಂದಿನಲ್ಲಿ ನೀರು ತುಂಬಿ ಎಲ್ಲ ಕಲೆಸಿಹೋಗುತ್ತದೆ. ಸಿಮ್ ಕಾರ್ಡ್ ತೆಗೆದುಕೊಳ್ಳುವಾಗ ಹಾಗಾಗಿತ್ತು. ಆಫೀಸಿನ ಹಾಜರಿ ಯಂತ್ರದ ಮುಂದೆ ದಿನಾ ಆಗುತ್ತಿತ್ತು. ಆದರೆ ಅಲ್ಲಿ ಇದ್ದವರು ಅಪರಿಚಿತರು. ಇಲ್ಲಿ ನನ್ನನ್ನು ಎತ್ತಿ ಆಡಿಸಿದವರು.

ನನ್ನ ಸರದಿ ಬಂತು. ಯಂತ್ರದ ಮುಂದೆ ಕುಳಿತವರು "ಒತ್ತು ತಂಗಿ" ಎಂದರು. ಒತ್ತಿದೆ. ಬರಲಿಲ್ಲ. "ಒಂಚೂರು ಒರೆಸ್ಕೊಂಡು ಒತ್ತು." ಚೂಡಿದಾರಿಗೆ ಒರೆಸಿ ಒತ್ತಿದೆ. ಬರಲಿಲ್ಲ. ಮೂರನೇ ಸಲಕ್ಕೆ ಯಂತ್ರದ ಗಾಜಿನ ಮೇಲೆ ನೀರಿನ ಗುರುತು ಎದ್ದು ಕಂಡಿತು. ಅವರು ಬಟ್ಟೆಯಿಂದ ಅದನ್ನು ಒರೆಸಿದರು. "ಕೈ ತೊಳ್ಕೊಂಡು ಹಂಗೇ ಬಂದ್ಯಾ?" ಎಂದು ಸಹಜವಾಗಿಯೇ ಕೇಳಿದರು. ನನ್ನ ಕಿವಿ ಬಿಸಿಯಾಯಿತು. ಎದೆ ಹೊಡೆದುಕೊಳ್ಳತೊಡಗಿತು. ಈಗ ಬೆನ್ನಿನಲ್ಲೂ ಬೆವರು. ನಾಲ್ಕನೇ ಸಲವೂ ಬರಲಿಲ್ಲ.

ಹಿಂದಿನಿಂದ ಯಾರೋ ಅಂದರು. "ಹೆದರ್ಕೊಂಡಿದೆ ಪಾಪ, ಹುಡುಗಿ."

ಈ ಮಾತನ್ನು ಚಿಕ್ಕವಳಿದ್ದಾಗಿನಿಂದ ಕೇಳುತ್ತ ಬಂದಿದ್ದೇನೆ. ಸ್ಲೇಟಿನ ಮೇಲೆ ಬರೆದ ಅಕ್ಷರ ನನ್ನ ಕೈ ತಾಗಿ ಅಳಿಸಿಹೋದರೆ, ಹೆದರಬೇಡ. ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ಒದ್ದೆಯಾಗಿ ಶಾಯಿ ಹರಡಿದರೆ, ಧೈರ್ಯ ತಗೋ. ಒಂದು ಕರ್ಚೀಫನ್ನು ಅಂಗೈ ಕೆಳಗೆ ಇಟ್ಟುಕೊಂಡೇ ಎಸ್ಸೆಸ್ಸೆಲ್ಸಿ ಬರೆದೆ. ಹಬ್ಬದ ದಿನ ರಂಗೋಲಿ ಪುಡಿ ಬೆರಳಿಗೆ ಮೆತ್ತಿಕೊಂಡು ಎಳೆ ಬೀಳುತ್ತಲೇ ಇರಲಿಲ್ಲ. ಮದುವೆ ಮನೆಯಲ್ಲಿ ಅಕ್ಷತೆ ಕೈಗೆ ಅಂಟಿ ಉಳಿಯುತ್ತಿತ್ತು. ನಮ್ಮ ಮನೆಯದು ಕೆಂಪು ಗಾರೆ ನೆಲ. ನಾನು ನಡೆದಲ್ಲೆಲ್ಲ ಪಾದದ ಗುರುತು ಮೂಡುತ್ತಿತ್ತು. ಕಾಲು ಒರೆಸಿಕೊಂಡು ಬರಬಾರದಾ ಎಂದು ಅಮ್ಮ ಗದರುತ್ತಿದ್ದಳು. ಕಾಲು ತೊಳೆದೇ ಇರಲಿಲ್ಲ. ರಂಗೋಲಿ ಹಾಕುವಾಗ ನನಗೆ ಯಾವ ಹೆದರಿಕೆ ಇತ್ತು? ಯಾರೂ ಇಲ್ಲದ ಕೋಣೆಯಲ್ಲಿ ಕಾದಂಬರಿ ಓದುವಾಗಲೂ ಪುಟ ಒದ್ದೆಯಾಗುತ್ತಿತ್ತಲ್ಲ. ಆದರೂ ಎಲ್ಲರೂ ಹೇಳಿ ಹೇಳಿ, ನಾನು ಪುಕ್ಕಲಿ ಎಂದೇ ನಂಬಿಬಿಟ್ಟಿದ್ದೆ.

ಆ ದಿನ ನನ್ನ ಹಿಂದೆ ನಿಂತಿದ್ದವರು ಕೆಳಗಿನ ಮನೆ ಅಜ್ಜಿ. ನಾನು ಬೆರಳನ್ನು ಸಿಟ್ಟಿನಿಂದ ಉಜ್ಜುವುದನ್ನು ನೋಡಿ ಕೈ ಹಿಡಿದುಕೊಂಡರು. ಕೈ ಎಳೆದುಕೊಳ್ಳಲು ಹೋದೆ. ಬಿಡಲಿಲ್ಲ. "ಎಂತಕ್ಕೆ ಮಾರಾಯ್ತಿ ಹಂಗೆ ಉಜ್ತೀಯ? ಚರ್ಮ ಕಿತ್ತು ಬರ್ತದೆ. ಬಾ, ಹೊರಗೆ ಕೂರುವ. ಇವರೆಲ್ಲ ಮುಗಿಸ್ಲಿ."

ಮೆಟ್ಟಿಲ ಮೇಲೆ ಎಳೆಬಿಸಿಲಿಗೆ ಕುಳಿತೆವು. ಅಡಿಕೆ ಸುಲಿತದ ಕಾಲ ಅದು. ಅಜ್ಜಿಯ ಬೆರಳುಗಳು ಚೊಗರು ಹತ್ತಿ ಕಪ್ಪಾಗಿದ್ದವು. ರಾತ್ರಿ ಎಷ್ಟು ಹೊತ್ತಿನವರೆಗೆ ಸುಲಿಯುತ್ತಾರೆ, ಈ ಸಲ ಕೊಳೆ ರೋಗಕ್ಕೆ ಎಷ್ಟು ಉದುರಿತು, ಮೊಮ್ಮಗ ಮೆಟ್ಟುಗತ್ತಿ ಮುಟ್ಟುವುದೇ ಇಲ್ಲ, ಹೀಗೆ ಏನೇನೋ ಹೇಳಿದರು. ನನ್ನ ಕೈ ಬಗ್ಗೆ ಒಂದು ಮಾತೂ ಇಲ್ಲ. ಅವರ ಒರಟು ಕೈಯೊಳಗೆ ನನ್ನ ಕೈ ಹಾಗೇ ಇತ್ತು. ಇಪ್ಪತ್ತು ನಿಮಿಷವಾಗಿರಬೇಕು. ನೋಡಿಕೊಂಡರೆ ಅಂಗೈ ಒಣಗಿತ್ತು.

ಎದ್ದು ಒಳಗೆ ಹೋಗಿ ಒತ್ತಿದೆ. ಒಂದೇ ಸಲಕ್ಕೆ ಬಂತು.

ಅಜ್ಜಿಯದು ಬರಲಿಲ್ಲ. ಸುಲಿದು ಸುಲಿದು ಹೆಬ್ಬೆಟ್ಟಿನ ಗೆರೆಯೇ ಸವೆದಿತ್ತು. ಒಣಗಿದ ಬೆರಳಿಗೆ ಒಂಚೂರು ಜಿಡ್ಡು ಹತ್ತಲಿ ಎಂದು ತಲೆಗೂದಲಿಗೆ ಉಜ್ಜಿಕೊಳ್ಳಲು ಹೇಳಿದರು. ಬೇರೆ ಬೇರೆ ಬೆರಳು ಇಟ್ಟು, ಕೊನೆಗೆ ಎಡಗೈಯ ಉಂಗುರ ಬೆರಳಿಗೆ ಹಸಿರು ದೀಪ ಹತ್ತಿತು. ಅಜ್ಜಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಕೆಲಸ ಮಾಡಿದ ಕೈ, ಸವೆದಿದೆ, ಅಷ್ಟೇ. ನನ್ನ ಕೈಯನ್ನು ನಾನು ಯಾವತ್ತೂ ಹಾಗೆ ನೋಡಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಪ್ಪ ಅಲ್ಲೇ ಪೇಪರ್ ಓದುತ್ತಿದ್ದರು. ಹೆಗಲ ಮೇಲೆ ಯಾವಾಗಲೂ ಇರುವ ಬೈರಾಸ, ನಮ್ಮ ಕಡೆಯ ಟವೆಲ್. ಪೇಪರ್ ಮಡಚಿಟ್ಟು ಅಂಗೈ ಚಾಚಿದರು. "ನಂದೂ ಹಂಗೇ." ಮುಟ್ಟಿದೆ. ತಣ್ಣಗೆ, ಒದ್ದೆ. ಇಷ್ಟು ವರ್ಷ ಆ ಬೈರಾಸ ಅಪ್ಪನ ಅಭ್ಯಾಸ ಎಂದುಕೊಂಡಿದ್ದೆ. ಹುಡುಗನಾಗಿದ್ದಾಗ ಎರಡು ವರ್ಷ ಮದ್ದಲೆ ಕಲಿತರಂತೆ. ಕೈ ಬೆವತು ಚರ್ಮ ಒದ್ದೆಯಾಗಿ ನಾದ ಕೂರುತ್ತಿರಲಿಲ್ಲ, ಬಿಟ್ಟರಂತೆ. ಮದುವೆ ದಿನ ಕೈ ಹಿಡಿಯುವುದು ಹೇಗೆ ಎಂದು ನಿದ್ದೆ ಇರಲಿಲ್ಲವಂತೆ. "ಧಾರೆ ಹೊತ್ತಲ್ಲಿ ಹೆಂಗೂ ನೀರು ಬಿಡ್ತಾರಲ್ಲ, ಯಾರಿಗೂ ಗೊತ್ತಾಗ್ಲಿಲ್ಲ" ಎಂದರು. ಅಮ್ಮ ಅವರನ್ನೇ ನೋಡುತ್ತಿದ್ದಳು. ಈ ಮಾತು ಅವಳಿಗೂ ಹೊಸದು.

ಮುಂದಿನ ವಾರ ಶಿವಮೊಗ್ಗದಲ್ಲಿ ಚರ್ಮದ ಡಾಕ್ಟರನ್ನು ಕಂಡೆ. ಅವರು ಕೇಳಿದ ಪ್ರಶ್ನೆಗಳು ಇವತ್ತಿಗೂ ನೆನಪಿವೆ. ಎಷ್ಟು ವಯಸ್ಸಿನಿಂದ? ಎರಡೂ ಕೈ ಒಂದೇ ಸಮ ಬೆವರುತ್ತವಾ? ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ? ನಿದ್ದೆಯಲ್ಲಿ ನಿಲ್ಲುತ್ತದಾ? ಕೊನೆಯದಕ್ಕೆ ಅಮ್ಮ ಉತ್ತರ ಕೊಟ್ಟಳು. ಮಲಗಿದಾಗ ಇವಳ ಕೈ ಎಲ್ಲರ ಕೈ ತರಹವೇ ಇರುತ್ತದೆ, ಚಿಕ್ಕಂದಿನಿಂದ ನೋಡಿದ್ದೇನೆ ಎಂದಳು. ಅದೇ ಮುಖ್ಯ ಸುಳಿವು ಎಂದರು ಡಾಕ್ಟರ್. ಥೈರಾಯ್ಡ್ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿದರು. ಎರಡೂ ಸರಿ ಇತ್ತು. ಹೈಪರ್‌ಹೈಡ್ರೋಸಿಸ್ ಎಂದು ಹೆಸರು ಹೇಳಿದರು, ಅಂದರೆ ಅತಿಯಾದ ಬೆವರು. ಹೆಸರು ಕೇಳಿಯೇ ನನಗೆ ಅರ್ಧ ಭಾರ ಇಳಿಯಿತು.

ಅವರು ವಿವರಿಸಿದ್ದು ಹೀಗೆ. ನಮ್ಮ ಮೈಯಲ್ಲಿ 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅಂಗೈ, ಅಂಗಾಲಿನಲ್ಲಿ ತುಂಬಾ ದಟ್ಟ. ಮೈಯ ಬೆವರು ಮುಖ್ಯವಾಗಿ ಸೆಕೆಗೆ ಬರುತ್ತದೆ, ತಂಪು ಮಾಡಲು. ಅಂಗೈಯದು ಹೆಚ್ಚಾಗಿ ಮನಸ್ಸಿನ ಏರಿಳಿತಕ್ಕೆ ಸ್ಪಂದಿಸುತ್ತದೆ. ಅದಕ್ಕೇ ಕೊಪ್ಪದ ಚಳಿಯಲ್ಲೂ ನನ್ನ ಕೈ ಒಣಗಿರಲಿಲ್ಲ. ಗ್ರಂಥಿಗಳು ಎಲ್ಲರಿಗಿರುವಂಥವೇ. ಅವುಗಳಿಗೆ ಸುದ್ದಿ ಮುಟ್ಟಿಸುವ ನರಗಳು ಮಾತ್ರ ಜಾಸ್ತಿ ಚುರುಕು. ಗಾಬರಿಯಾದರೆ ಎದೆಬಡಿತ ಏರಿಸುವುದೂ ಅದೇ ನರವ್ಯೂಹ.

"ಹಾಗಾದರೆ ಇದು ಹೆದರಿಕೆಯಿಂದಲೇ ಅಲ್ವಾ ಡಾಕ್ಟರೇ?" ಎಂದು ಕೇಳಿದೆ. ಅವರು ಅಲ್ಲ ಎಂದು ತಲೆ ಆಡಿಸಿದರು. "ಬೆವರು ಮೊದಲು ಬಂತು. ಹೆದರಿಕೆ ಆಮೇಲೆ ಬಂದು ಸೇರ್ಕೊಂಡಿದೆ. ಈಗ ಒಂದನ್ನೊಂದು ಎಳೀತಿವೆ." ನಾಲ್ಕು ಸಲ ಒತ್ತಿ, ನಾಲ್ಕು ಸಲವೂ ಇನ್ನಷ್ಟು ಒದ್ದೆಯಾದ ಹೆಬ್ಬೆಟ್ಟು ಕಣ್ಣ ಮುಂದೆ ಬಂತು. ಕೆಲವರಲ್ಲಿ ಇದು ತಿರುಗಾಮುರುಗಾ ಇರುತ್ತದಂತೆ. ಆತಂಕದ ಕಾಯಿಲೆಯೇ ಮೊದಲು, ಬೆವರು ಅದರ ಒಂದು ಲಕ್ಷಣ. ಕೆಲವು ಮಾತ್ರೆಗಳಿಂದಲೂ ಬೆವರು ಹೆಚ್ಚಬಹುದು. ರಾತ್ರಿ ನಿದ್ದೆಯಲ್ಲಿ ಹಾಸಿಗೆ ನೆನೆಯುವಷ್ಟು ಬೆವರಿದರೆ, ಜೊತೆಗೆ ಜ್ವರ ಇದ್ದರೆ, ತೂಕ ಇಳಿಯುತ್ತಿದ್ದರೆ ತಡಮಾಡದೆ ತೋರಿಸಬೇಕು. ಎದೆನೋವಿನ ಜೊತೆ ತಣ್ಣನೆ ಬೆವರು ಬಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಇವನ್ನೆಲ್ಲ ಸುಮ್ನೆ ಬೆವರು ಎಂದು ಬಿಡಬಾರದು.

ನನಗೆ ಅಲ್ಯೂಮಿನಿಯಂ ಕ್ಲೋರೈಡ್ ಇರುವ ಲೋಷನ್ ಕೊಟ್ಟರು. ರಾತ್ರಿ ಮಲಗುವ ಮುಂಚೆ, ಕೈ ಪೂರ್ತಿ ಒಣಗಿದ ಮೇಲೆ ಹಚ್ಚಬೇಕು. ಬೆಳಿಗ್ಗೆ ತೊಳೆಯಬೇಕು. ಒದ್ದೆ ಕೈಗೆ ಹಚ್ಚಿದರೆ ಉರಿಯುತ್ತದೆ. ಮೊದಲ ದಿನ ಆತುರಕ್ಕೆ ಹಚ್ಚಿ ಕಣ್ಣಲ್ಲಿ ನೀರು ಬಂತು. ಅದಷ್ಟೇ ಸಾಲದಾದಾಗ ಅಯಾಂಟೋಫೋರೆಸಿಸ್ ಮಾಡಿಸಿದರು. ಎರಡು ತಟ್ಟೆಯಲ್ಲಿ ನಲ್ಲಿ ನೀರು, ಅದರಲ್ಲಿ ಅಂಗೈ ಇಟ್ಟು ಕೂರಬೇಕು. ಸಣ್ಣ ಪ್ರಮಾಣದ ಕರೆಂಟ್ ಹರಿಸುತ್ತಾರೆ. ಜುಮ್ ಎನ್ನುತ್ತದೆ, ಅಷ್ಟೇ. ಗರ್ಭಿಣಿಯರಿಗೆ, ಪೇಸ್‌ಮೇಕರ್ ಇರುವವರಿಗೆ ಮಾಡುವುದಿಲ್ಲ. ಬೊಟಾಕ್ಸ್ ಚುಚ್ಚುಮದ್ದಿನ ದಾರಿಯೂ ಇದೆ, ಅದರ ಪರಿಣಾಮ ಕೆಲವು ತಿಂಗಳು ಮಾತ್ರ. ನರವನ್ನು ತುಂಡರಿಸುವ ಆಪರೇಷನ್ ಬಗ್ಗೆ ಕೇಳಿದೆ. ಕೈ ಒಣಗಿದರೂ ಬೆನ್ನು, ಹೊಟ್ಟೆ, ತೊಡೆಯಲ್ಲಿ ಹೊಸದಾಗಿ ಬೆವರು ಶುರುವಾಗಬಹುದು, ಅದು ಕೊನೆಯ ಆಯ್ಕೆ ಎಂದರು. ಬೇಡ ಎನಿಸಿತು.

ಕೈಗೆ ಮದ್ದು ಸಿಕ್ಕಿತು. ಮನಸ್ಸಿಗೆ ಸೇರಿಕೊಂಡ ಭಯಕ್ಕೆ? ಆಪ್ತಸಮಾಲೋಚಕರ ಹತ್ತಿರ ಹೋಗಲು ಧೈರ್ಯ ಬರಲಿಲ್ಲ. ಒಂದು ರಾತ್ರಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡಿದರು. ಕೈ ಬೆವರುತ್ತದೆ ಎಂದರೆ ಇದಕ್ಕೆಲ್ಲ ಫೋನಾ ಎಂದು ಕೇಳುತ್ತಾರೇನೋ ಎಂದುಕೊಂಡಿದ್ದೆ. ಕೇಳಲಿಲ್ಲ. ಪೂರ್ತಿ ಕೇಳಿಸಿಕೊಂಡು, ನೇರವಾಗಿ ಒಬ್ಬರನ್ನು ಕಾಣಲು ಹೇಳಿದರು.

ನಾನು ಕಂಡ ಆಪ್ತಸಮಾಲೋಚಕರು ಮೊದಲು ಒಂದು ಪಟ್ಟಿ ಬರೆಸಿದರು. ಬೆವರಿನ ಕಾರಣಕ್ಕೆ ನಾನು ಬಿಟ್ಟದ್ದೇನು? ಕೈಕುಲುಕುವುದು. ಮಗುವಿನ ಕೆನ್ನೆ ಮುಟ್ಟುವುದು. ಮೀಟಿಂಗಿನಲ್ಲಿ ಕಾಗದ ಹಂಚುವುದು. ಅರಿಶಿನ ಕುಂಕುಮಕ್ಕೆ ಕರೆದರೆ ಹೋಗುವುದು. ಪಟ್ಟಿ ಒಂದು ಪುಟ ದಾಟಿತು. ಬರೆಯುತ್ತ ಅತ್ತುಬಿಟ್ಟೆ. ಪ್ರತಿ ವಾರ ಅದರಲ್ಲಿ ಒಂದನ್ನು, ಕೈ ಒರೆಸಿಕೊಳ್ಳದೆ, ಬಚ್ಚಿಡದೆ ಮಾಡಬೇಕು. ಗಮನ ಕೈಯ ಮೇಲಿರದೆ ಎದುರಿನವರ ಮಾತಿನ ಮೇಲಿರಬೇಕು. ಅಜ್ಜಿ ಅಂದು ಮೆಟ್ಟಿಲ ಮೇಲೆ ಮಾಡಿಸಿದ್ದೂ ಇದನ್ನೇ. ಮೊದಲು ಕೈಕುಲುಕಿದ ಸಹೋದ್ಯೋಗಿಗೆ "ನನ್ನ ಕೈ ಬೆವರುತ್ತೆ, ಏನೂ ಅಂದ್ಕೋಬೇಡಿ" ಎಂದೆ. ಅವರು "ಹೌದಾ" ಎಂದು ಕೈಕುಲುಕಿ, ತಮ್ಮ ಮಾತು ಮುಂದುವರಿಸಿದರು. ಇಪ್ಪತ್ತು ವರ್ಷ ಹೆದರಿದ ಕ್ಷಣ ಅಷ್ಟು ಚಿಕ್ಕದಾಗಿತ್ತು.

ಈಗಲೂ ಬೆವರುತ್ತೇನೆ. ಕೆಲವು ದಿನ ಕಡಿಮೆ, ಕೆಲವು ದಿನ ಜಾಸ್ತಿ. ಯಾವುದಾದರೂ ಮಗು ಪುಸ್ತಕದ ಮೇಲೆ ಕರ್ಚೀಫು ಹಾಸಿಕೊಂಡು ಬರೆಯುವುದು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಧೈರ್ಯ ತಗೋ ಅನ್ನುವ ಮೊದಲು ಅದರ ಕೈ ಒಮ್ಮೆ ಹಿಡಿದು ನೋಡಿ ಎಂದು ಅಪ್ಪ ಅಮ್ಮಂದಿರನ್ನು ಬೇಡಿಕೊಳ್ಳಬೇಕು ಎನಿಸುತ್ತದೆ.

ಯುಗಾದಿಗೆ ಊರಿಗೆ ಹೋಗಿದ್ದೆ. ರಾತ್ರಿ ಊಟವಾದ ಮೇಲೆ ಕೈ ಒಣಗಿಸಿಕೊಂಡು ಲೋಷನ್ ಹಚ್ಚುತ್ತಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕುಳಿತರು. ಬಾಟಲಿ ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ ಬರಹ ಓದಿದರು. ಅವರಿಗೀಗ 64. ಬೈರಾಸದಿಂದ ನಿಧಾನಕ್ಕೆ ಒಂದೊಂದೇ ಬೆರಳು ಒರೆಸಿಕೊಂಡರು.

"ಇದನ್ನ ಪಾದಕ್ಕೂ ಹಚ್ಬಹುದಾ, ಕೇಳಿದ್ಯಾ ಡಾಕ್ಟರ್ ಹತ್ರ?" ಎಂದರು.