ಸೊಪ್ಪಿಗೆ ಜಾಸ್ತಿ, ಈರುಳ್ಳಿಗೆ ಇಲ್ಲ

ಮಗಳಿಗೆ ರಾಗಿ ಸರಿ ಶುರು ಮಾಡಿದ ಮೇಲೆ ನಮ್ಮನೆಯಲ್ಲಿ ಬರೀ ಆರ್ಗ್ಯಾನಿಕ್ ಮಾತು. ಎಲ್ಲವನ್ನೂ ಅದೇ ತಂದರೆ ಬೆಂಗಳೂರಿನ ಬಾಡಿಗೆ ಕಟ್ಟುವುದು ಹೇಗೆ? ಸೊಪ್ಪು, ದ್ರಾಕ್ಷಿ, ಕ್ಯಾಪ್ಸಿಕಂ ಸಿಪ್ಪೆ ಸಮೇತ ಹೊಟ್ಟೆಗೆ ಹೋಗುತ್ತವೆ, ಅವಕ್ಕೆ ನಾಲ್ಕು ಕಾಸು ಜಾಸ್ತಿ ಕೊಡೋಣ ಅಂತ ಒಪ್ಪಿಕೊಂಡೆವು. ಬಾಳೆಹಣ್ಣು, ಈರುಳ್ಳಿ, ತೆಂಗಿನಕಾಯಿ ತಳ್ಳುಗಾಡಿಯದ್ದೇ ಸಾಕು.

ರಾಗಿ ಅತ್ತೆ ಊರಿಂದ ಬರುತ್ತದೆ. ಮಳೆ ನಂಬಿದ ಹೊಲ, ಕೊಟ್ಟಿಗೆ ಗೊಬ್ಬರ. ಆ ಚೀಲದ ಮೇಲೆ ಯಾವ ಮುದ್ರೆಯೂ ಇಲ್ಲ, ನಾನು ಕೇಳಿಯೂ ಇಲ್ಲ. ಅಂಗಡಿಯಲ್ಲಿ ಮಾತ್ರ ಆರ್ಗ್ಯಾನಿಕ್ ಆಹಾರಕ್ಕೆ ಸರ್ಕಾರದ ‘ಜೈವಿಕ್ ಭಾರತ್’ ಹಸಿರು ಗುರುತು ಹುಡುಕುತ್ತೇನೆ. ನಂಬಿಕೆಗೂ ದುಡ್ಡು ಕೊಡಬೇಕು, ಅಲ್ವಾ? ಸುಮ್ನೆ ‘ನ್ಯಾಚುರಲ್’ ಅಂತ ಬರೆದಿದ್ದರೆ ವಾಪಸ್ ಇಡುತ್ತೇನೆ.

ಇವರು ಮಾತ್ರ ಆರ್ಗ್ಯಾನಿಕ್ ಬಿಸ್ಕತ್ತನ್ನು ಬುಟ್ಟಿಗೆ ಹಾಕುತ್ತಾರೆ. ಅದೂ ಮಗಳ ಲೆಕ್ಕದಲ್ಲೇ ಬರಬೇಕಂತೆ!