ಕಳಸೂಬಾಯಿಗೆ ಮಣ್ಣಿನ ನುಸಿ ನೋಡಲು ಹೋಗುವವರಿಗೆ

ಮಹಾರಾಷ್ಟ್ರದ ಕಳಸೂಬಾಯಿ ಬೆಟ್ಟ ನೋಡಿ ವಾಪಸ್ ಬರುವಾಗ, ಆ ಕಡೆಯ ರಾಜೂರಿನಿಂದ ಪುಣೆಗೆ 'ಡೈರೆಕ್ಟ್' ಅಂತ ಕೂಗುವ ಖಾಸಗಿ ಮಿನಿಬಸ್ ಹತ್ತಬೇಡಿ. ಡೈರೆಕ್ಟ್ ಅಂದರೆ ಅಕೋಲೆಯಲ್ಲಿ ಸೀಟು ತುಂಬುವವರೆಗೆ ಕಾಯೋದು, ಸಂಗಮನೇರಿನಲ್ಲಿ ಮತ್ತೆ ಕಾಯೋದು, ಆಳೇಫಾಟಾದಲ್ಲಿ ಡ್ರೈವರನ ಊಟ. ಇಷ್ಟನ್ನು ಹೇಗೋ ಸಹಿಸಬಹುದು. ಆದರೆ ಬೆಟ್ಟದ ಮಣ್ಣು ತುಂಬಿದ ನಮ್ಮ ಚೀಲಗಳಿಗೆ ಜಾಗವಿಲ್ಲ ಅಂತ ಇಂಜಿನ್ ಮುಚ್ಚಳದ ಮೇಲೆ ಇಡಿಸಿದ. ಬೇಡಪ್ಪಾ, ಬಿಸಿ ತಾಗಬಾರದು ಅಂದೆ. "ಮಾತೀಚ ಆಹೆ ನಾ ಮಾವಶಿ, ತಿಲಾ ಕಾಯ ಹೋಣಾರ?" ಅಂದ. ಮಣ್ಣು ತಾನೇ, ಅದಕ್ಕೇನಾಗುತ್ತೆ ಅನ್ನೋ ಧಾಟಿ.

ಆಗೋದು ಆಗಿಯೇ ಹೋಯಿತು. ಆ ಮಣ್ಣಿನಲ್ಲಿ ಇದ್ದದ್ದು ಜೀವಂತ ನುಸಿಗಳು, ಅಂದರೆ ಇಂಗ್ಲಿಷಿನಲ್ಲಿ 'ಮೈಟ್' ಅನ್ನೋ ಎಂಟು ಕಾಲಿನ ಪುಟ್ಟ ಜೀವಿಗಳು. ಅವನ್ನು ಮಣ್ಣಿನಿಂದ ಬೇರೆ ಮಾಡುವ ಸಾಧನ ತುಂಬ ಸರಳ. ಜಾಲರಿಯ ಮೇಲೆ ಮಣ್ಣು, ಕೆಳಗೆ ಫನೆಲ್, ಅದರ ಬಾಯಿಗೆ ಸ್ಪಿರಿಟ್ ಬಾಟಲಿ, ಮೇಲೊಂದು ಬಲ್ಬು. ಮಣ್ಣು ಮೇಲಿನಿಂದ ಒಣಗುತ್ತಾ ಬಂದಂತೆ ನುಸಿಗಳು ತಂಪು ಹುಡುಕಿ ಕೆಳಗೆ ಇಳಿದು ಬಾಟಲಿಗೆ ಬೀಳುತ್ತವೆ. 1905ರಲ್ಲಿ ಇಟಲಿಯ ಬರ್ಲೀಸ್ ಬಿಸಿನೀರು ಬಳಸಿ ಇದನ್ನು ಮಾಡಿದರು, 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಬಲ್ಬು ಹಾಕಿದರು. ಇವತ್ತಿಗೂ ಅದೇ ನಡೀತಿದೆ. ಆದರೆ ನುಸಿ ತಾನೇ ನಡೆದು ಬರಬೇಕು. ದಾರಿಯಲ್ಲೇ ಬೆಂದು ಸತ್ತರೆ ಬಾಟಲಿ ಖಾಲಿ. ಇಂಜಿನ್ ಮೇಲೆ ಕೂತ ಚೀಲಗಳಲ್ಲಿ ಆದದ್ದು ಅದೇ.

ನಮ್ಮಕ್ಕನ ಮಗಳು ಪುಣೆಯಲ್ಲಿ ಪ್ರಾಣಿಶಾಸ್ತ್ರ ಓದ್ತಾಳೆ. ಬೆಟ್ಟ ಹತ್ತಿದಂತೆ ಮಣ್ಣಿನ ನುಸಿಗಳ ವೈವಿಧ್ಯ ಹೇಗೆ ಬದಲಾಗುತ್ತೆ ಅನ್ನೋದು ಅವಳ ಕೆಲಸ. ಕಾಲೇಜಿನವರು ಅರಣ್ಯ ಇಲಾಖೆಯಿಂದ ಅನುಮತಿ ಪತ್ರ ತಗೊಂಡಿದ್ದರು. ಕಳಸೂಬಾಯಿ ಇರೋದು ಅಭಯಾರಣ್ಯದಲ್ಲಿ, ಅನುಮತಿ ಇಲ್ಲದೆ ಮಣ್ಣು ಡಬ್ಬಿಗೆ ತುಂಬಬೇಡಿ. ಭೂತಗಾಜು ಹಿಡಿದು ನೋಡಿ, ಅಲ್ಲೇ ವಾಪಸ್ ಹಾಕಿ. ಹವ್ಯಾಸಕ್ಕೆ ಅಷ್ಟು ಧಾರಾಳ ಸಾಕು.

ನುಸಿ ಅಂದರೆ ನಮ್ಮವರಿಗೆ ತೆಂಗಿನ ನುಸಿ ಪೀಡೆಯೇ ನೆನಪಾಗೋದು. ಮಿರ್ಗದ ಮಳೆಗೆ ಹೊಲದಲ್ಲಿ ಹರಿದಾಡುವ ಕೆಂಪು ಮಖಮಲ್ಲಿನ ಹುಳವೂ ನುಸಿಯೇ, ಎಂಟು ಕಾಲು ಎಣಿಸಿ ನೋಡಿ. ಆದರೆ ಮಣ್ಣಿನಲ್ಲಿ ಜಾಸ್ತಿ ಇರೋದು ಒರಿಬಾಟಿಡ್ ಅನ್ನೋ ಗುಂಪು. ಹೆಚ್ಚಿನವು ಒಂದು ಮಿಲಿಮೀಟರ್ ಕೂಡ ಇರೋದಿಲ್ಲ. ಕೊಳೆಯುವ ಎಲೆ, ಬೂಸ್ಟು ತಿಂದು ನಿಧಾನಕ್ಕೆ ಬದುಕುತ್ತವೆ. ಇವುಗಳಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಜಾತಿಗಳನ್ನು ಈಗಾಗಲೇ ಹೆಸರಿಸಿದ್ದಾರೆ.

ಉಳಿಯುವ ವಿಷಯ. ಬೆಟ್ಟದ ಹತ್ತಿರದ ಅಣೆಕಟ್ಟಿನ ಊರು ಭಂಡಾರದರಾದಲ್ಲಿ 'ಕೆರೆ ಕಾಣುವ ರೂಮು' ಅಂತ ಫೋನಿನಲ್ಲಿ 1,800 ಹೇಳಿದವನು ಎದುರಿಗೆ ನಿಂತಾಗ 2,800 ಅಂದ. ಸೀಸನ್ ಅಂತೆ. ಕಿಟಕಿ ತೆರೆದರೆ ಕಂಡ ನೀರು ಪಕ್ಕದ ಕಟ್ಟಡದ ಸಿಂಟೆಕ್ಸ್ ಟ್ಯಾಂಕಿನದು. ರಾತ್ರಿ ಕರೆಂಟು ಹೋಯಿತು, ಜನರೇಟರಿಗೆ ಬೇರೆ ದುಡ್ಡು ಕೇಳಿದ. ರೂಮಿನಲ್ಲೇ ಬಲ್ಬು ಹಚ್ಚಿ ಫನೆಲ್ ಇಡುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. ಅದಕ್ಕೆ ಹಲವು ದಿನ ಬಿಡದೆ ಉರಿಯುವ ಬಲ್ಬು ಬೇಕು. ಮಿಂಚುಹುಳದ ಕಾಲದಲ್ಲಂತೂ, ಅಂದರೆ ಮೇ ಕೊನೆ ಜೂನ್ ಶುರುವಿನಲ್ಲಿ, ಆ ಕಡೆ ತಲೆ ಹಾಕಬೇಡಿ. ಹುಳಕ್ಕಿಂತ ಕಾರಿನ ಲೈಟೇ ಜಾಸ್ತಿ. ನೇರ ಬಾರಿ ಊರಿಗೆ ಹೋಗಿ, ಯಾರದಾದರೂ ಮನೆಯ ಪಡಸಾಲೆಯಲ್ಲಿ ಮಲಗಿ.

ಬಾರಿ ಅಂದರೆ ಬೆಟ್ಟದ ಬುಡದ ಹಳ್ಳಿ. ಅಲ್ಲೊಬ್ಬ ಆಜಿಯ ಮನೆಯಲ್ಲಿ ಉಂಡ ಊಟಕ್ಕಾಗಿಯೇ ಮತ್ತೆ ಹೋಗಬಹುದು. ತಟ್ಟೆಗೆ 120 ರೂಪಾಯಿ, ಬೇಕಾದಷ್ಟು ಬಡಿಸುತ್ತಾರೆ. ಅಕ್ಕಿ ಭಾಕ್ರಿ, ಅದೂ ಒಲೆಯ ಮೇಲೆ ನೇರ ಕೆಂಡಕ್ಕೆ ಹಿಡಿದು ಉಬ್ಬಿಸಿದ್ದು. ಜೊತೆಗೆ ಪಿಠಲ. ನಮ್ಮ ಧಾರವಾಡದ ಝುಣಕಕ್ಕಿಂತ ತೆಳು, ಬೆಳ್ಳುಳ್ಳಿ ಜಾಸ್ತಿ. ಹಸಿಮೆಣಸಿನಕಾಯಿ ಹೆಂಚಿನ ಮೇಲೆ ಹುರಿದು, ಲೋಟದ ತಳದಿಂದ ಅಲ್ಲೇ ಜಜ್ಜಿದ ಠೇಚಾ. ಕೊನೆಗೆ ಮುದ್ದೆಯಾಗುವಂಥ ಮೆತ್ತನೆ ಇಂದ್ರಾಯಣಿ ಅನ್ನ, ಮೇಲೆ ಹುರುಳಿ ಸಾರು. ಇದೇ ಅಕೋಲೆ ತಾಲ್ಲೂಕಿನ ರಾಹೀಬಾಯಿ ಪೋಪೆರೆಯವರಿಗೆ ನಾಟಿ ಬೀಜ ಉಳಿಸಿದ್ದಕ್ಕೆ 2020ರಲ್ಲಿ ಪದ್ಮಶ್ರೀ ಬಂತು. ಆಜಿಯ ಮನೆಯಲ್ಲೂ ಅವರೆ ಬೀಜ ಬೂದಿ ಹಚ್ಚಿ ಡಬ್ಬಿಯಲ್ಲಿಟ್ಟಿದ್ದರು. ಮುಂಚೆಯೇ ಹೇಳಿದರೆ ಮಾತ್ರ ಅಡುಗೆ. ಹತ್ತುವಾಗ ಹೇಳಿ ಹೋಗಿ, ಇಳಿಯುವಾಗ ಉಣ್ಣಿ.

ಭಾಕ್ರಿ ಬೇಯುವಷ್ಟರಲ್ಲಿ ಆಜಿಯ ಹಿತ್ತಿಲಿನ ಮಾವಿನ ಮರದ ಕೆಳಗೆ ಕೂತೆವು. ಮೇಲಿನ ಒಣ ತರಗೆಲೆ ಸರಿಸಿದರೆ ಒದ್ದೆ ಕಪ್ಪು ಪದರ. ಒಂದು ಹಿಡಿ ತೆಗೆದು ಬಿಳಿ ತಟ್ಟೆಯಲ್ಲಿ ಹರಡಿ ಸುಮ್ನೆ ಕಾದರೆ ಸಾಕು, ಚಲನೆ ಶುರುವಾಗುತ್ತೆ. ತಿಳಿಕಂದು ಬಣ್ಣದವು ಓಡುತ್ತವೆ, ಅವು ಬೇಟೆಗಾರ ನುಸಿಗಳು. ರಾಗಿಕಾಳಿನ ಮೂರನೇ ಒಂದು ಪಾಲಿನಷ್ಟಿರುವ, ಹೊಳೆಯುವ ಕಂದು ಗುಂಡುಗಳು ಒರಿಬಾಟಿಡ್. ಒಂದನ್ನು ಹುಲ್ಲುಕಡ್ಡಿಯಿಂದ ಮುಟ್ಟಿದೆ. ಕಾಲೆಲ್ಲ ಒಳಗೆಳೆದು, ತಲೆಯ ಭಾಗ ಮಡಚಿ ಮುಚ್ಚಿಕೊಂಡಿತು. ಎಲ್ಲಿ ಬಾಯಿ, ಎಲ್ಲಿ ಬೆನ್ನು ಗೊತ್ತಾಗಲಿಲ್ಲ. "ಮೌಶಿ, ಉಸಿರು ಬಿಡಬೇಡ, ಹಾರಿಹೋಗುತ್ತೆ" ಅಂದಳು ಹುಡುಗಿ. ತುಂಬ ಹೊತ್ತಾದ ಮೇಲೆ ಒಂದು ಕಾಲು ಹೊರಬಂತು.

ಈಗ ಬೆಟ್ಟ. ಎತ್ತರ 1,646 ಮೀಟರ್, ಮಹಾರಾಷ್ಟ್ರದಲ್ಲೇ ಎಲ್ಲಕ್ಕಿಂತ ಜಾಸ್ತಿ. ಬಾರಿಯಿಂದ 800 ಮೀಟರಿಗೂ ಹೆಚ್ಚು ಹತ್ತಬೇಕು. ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ತಂಪಾಗುತ್ತೆ ಅನ್ನೋ ಲೆಕ್ಕದಲ್ಲಿ ತುದಿ ಬುಡಕ್ಕಿಂತ 5 ಡಿಗ್ರಿಯಷ್ಟು ತಂಪು. ಹಾಗಾದರೆ ಮೇಲೆ ಹೋದಂತೆ ನುಸಿ ಕಡಿಮೆಯಾಗುತ್ತವಾ? ಬಹಳ ಬೆಟ್ಟಗಳಲ್ಲಿ ಜಾತಿಗಳು ಕಡಿಮೆಯಾಗೋದು ನಿಜ. ಕೆಲವು ಕಡೆ ನಡುಮಟ್ಟದಲ್ಲಿ ಜಾತಿಗಳು ಜಾಸ್ತಿ, ಏಕೆಂದರೆ ಕೆಳಗಿನವೂ ಮೇಲಿನವೂ ಅಲ್ಲಿ ಸೇರುತ್ತವೆ, ತೇವವೂ ಚೆನ್ನಾಗಿರುತ್ತೆ. ಇನ್ನೊಂದು ತಮಾಷೆ ಇದೆ. ಜಾತಿಗಳು ಕಡಿಮೆಯಾದರೂ ತಲೆ ಎಣಿಕೆ ಕಡಿಮೆಯಾಗಲೇಬೇಕು ಅಂತಿಲ್ಲ. ತಂಪು ದೇಶದ ಪೈನ್ ಕಾಡಿನಲ್ಲಿ ಎಲೆ ನಿಧಾನಕ್ಕೆ ಕೊಳೆತು ದಪ್ಪ ಪದರ ಕಟ್ಟುತ್ತೆ. ಅಲ್ಲಿ ಒಂದು ಚದರ ಮೀಟರ್ ನೆಲದಲ್ಲಿ ಲಕ್ಷಕ್ಕೂ ಮೀರಿ ಒರಿಬಾಟಿಡ್ ಸಿಗೋದುಂಟು. ಬರೀ ಚಳಿಗೆ ಹೆದರುವ ಪ್ರಾಣಿಯಲ್ಲ ಇದು, ಅಂಟಾರ್ಕ್ಟಿಕಾದಲ್ಲೂ ಇದೆ.

ಕಳಸೂಬಾಯಿಯಲ್ಲಿ ಕಂಡದ್ದು ಬೇರೆಯೇ. ಮೊದಲ ಕಬ್ಬಿಣದ ಏಣಿ ದಾಟುವವರೆಗೆ ಮರದ ನೆರಳಿನಲ್ಲಿ, ಕಾರವಿ ಪೊದೆಗಳ ಬುಡದಲ್ಲಿ ಒಳ್ಳೆ ತರಗು ಇದೆ. ಕಾರವಿ ನಮ್ಮ ಗುರಿಗೆಯ ಬಳಗದ್ದೇ, ವರ್ಷಗಟ್ಟಲೆ ಕಾದು ಒಮ್ಮೆಲೇ ಹೂ ಬಿಡುವ ಗಿಡ. ಅಲ್ಲಿ ತಟ್ಟೆ ಹರಡಿದಲ್ಲೆಲ್ಲ ಏನೋ ಒಂದು ಸಿಕ್ಕಿತು. ಆಮೇಲೆ ಹುಲ್ಲು, ಬಸಾಲ್ಟ್ ಬಂಡೆ, ಬೆರಳು ಇಳಿಯದಷ್ಟು ತೆಳು ಮಣ್ಣು. ದಾರಿಯ ಮೇಲಂತೂ ಕಾಲ್ತುಳಿತಕ್ಕೆ ಮಣ್ಣು ಕಲ್ಲಾಗಿದೆ. ತುದಿಯಲ್ಲಿ ದೇವಿಯ ಪುಟ್ಟ ಗುಡಿ, ಸುತ್ತ ಬಂಡೆ, ಚಿಪ್ಸ್ ಕವರು. ನುಸಿ ಕಡಿಮೆಯಾದದ್ದು ಎತ್ತರಕ್ಕೋ, ಮಣ್ಣೇ ಇಲ್ಲದ್ದಕ್ಕೋ? ಎರಡೂ ಒಟ್ಟಿಗೆ ಬದಲಾದರೆ ಹೇಳೋಕಾಗಲ್ಲ. ಹೋಲಿಸಬೇಕಾದರೆ ಒಂದೇ ಥರದ ಗಿಡದ ಕೆಳಗೆ, ಒಂದೇ ಆಳದಿಂದ, ಕಾಲುದಾರಿ ಬಿಟ್ಟು ಒಳಗೆ ಹೋಗಿ ನೋಡಬೇಕು. ಹಾಗಾಗಿ ಒಂದು ದಿನ ಮಾತ್ರ ಇದ್ದರೆ ಕೆಳಗಿನ ಅರ್ಧ ಬೆಟ್ಟದಲ್ಲೇ ಕಳೆಯಿರಿ. ತುದಿಯ ಫೋಟೊ ಸಾವಿರ ಜನ ಹಾಕಿದ್ದಾರೆ.

ಶನಿವಾರ, ಭಾನುವಾರ ಬೇಡವೇ ಬೇಡ. ಏಣಿಗೆ ಸರದಿ ನಿಲ್ಲಬೇಕು, ಹಿಂದಿನವನ ಸ್ಪೀಕರಿನ ಹಾಡು ಕೇಳಬೇಕು. ನವರಾತ್ರಿಯಲ್ಲಿ ಭಕ್ತರ ದಂಡು, ಅದು ಅವರ ಬೆಟ್ಟ, ನಾವು ದೂರ ಇರೋಣ. ಜೋರು ಮಳೆಯಲ್ಲಿ ಏಣಿ ಜಾರುತ್ತೆ. ಮಳೆ ಹಿಂದೆ ಸರಿದ ಮೇಲೆ ನವೆಂಬರ್ ಒಳಗೆ ಒಂದು ವಾರದ ದಿನ ಹೋಗಿ. ಮಣ್ಣು ಒದ್ದೆ ಇರುತ್ತೆ, ನುಸಿ ಮೇಲೇ ಇರುತ್ತವೆ. ಮಾರ್ಚ್ ಬಂದರೆ ಒಣಗಿ ಆಳಕ್ಕೆ ಇಳಿಯುತ್ತವೆ, ನಿಮಗೆ ಬರೀ ಇರುವೆ ಸಿಗುತ್ತೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗಾಜು, ಬಿಳಿ ತಟ್ಟೆ, ಚಿಕ್ಕ ಕುಂಚ ಸಾಕು. ಅನುಮತಿ ಇದ್ದು ಮಣ್ಣು ತರುವವರು ಬಟ್ಟೆಚೀಲದಲ್ಲಿ ಹಾಕಿ, ಐಸ್‌ಕ್ರೀಮ್ ಒಯ್ಯುವ ಥರ್ಮಾಕೋಲ್ ಡಬ್ಬಿಯೊಳಗೆ ಇಟ್ಟು, ತೊಡೆಯ ಮೇಲೇ ಇಟ್ಕೊಳ್ಳಿ. ಪುಣೆಯಿಂದ ವಾಕಡೇವಾಡಿ ಸ್ಟ್ಯಾಂಡಿನಲ್ಲಿ ನಾಸಿಕ್ ಕಡೆಯ ಎಸ್‌ಟಿ, ಅಂದರೆ ಸರ್ಕಾರಿ ಬಸ್ ಹತ್ತಿ ಸಂಗಮನೇರಿನಲ್ಲಿ ಇಳಿದು, ಅಕೋಲೆ ರಾಜೂರಿನ ಬಸ್ ಹಿಡಿಯಿರಿ. ಮುಂಬೈಯವರಿಗೆ ಇನ್ನೂ ಸುಲಭ. ಕಸಾರಾವರೆಗೆ ಲೋಕಲ್, ಅಲ್ಲಿಂದ ಘೋಟಿ ಮೇಲೆ ಬಾರಿಗೆ ಶೇರ್ ಜೀಪು. ಜೀಪಿನಲ್ಲೂ ಡಬ್ಬಿ ಮೇಲಿನ ಕ್ಯಾರಿಯರಿಗೆ ಹಾಕೋಕೆ ಬರ್ತಾರೆ, ಅದಕ್ಕೂ ಒಂದು ಸೀಟಿನ ದುಡ್ಡು ಕೊಟ್ಟುಬಿಡಿ.