ದುಡ್ಡು ಹಾಕಿದ ಗೇಮ್ ಬರಲೇ ಇಲ್ಲ, ಇದು ಮೋಸವೇ?

ಶಿರಸಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನನ್ನು ಹಳೆಯ ವಿದ್ಯಾರ್ಥಿಗಳು, ಅವರ ತಮ್ಮಂದಿರು, ಕೆಲವೊಮ್ಮೆ ಕುಮಟೆ, ಕಾರವಾರದ ಕಡೆಯ ಪರಿಚಯವೇ ಇಲ್ಲದ ಹುಡುಗರು ಫೋನು ಮಾಡಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. "ಸರ್, ಗೇಮ್ ಮಾಡ್ತೇವೆ ಅಂತ ಜನರ ಹತ್ರ ದುಡ್ಡು ಎತ್ತಿದ್ರು. ನಾನೂ ಇಪ್ಪತ್ತು ಡಾಲರ್ ಹಾಕಿದ್ದೆ. ಈಗ ಅವರ ಸುದ್ದಿಯೇ ಇಲ್ಲ. ಇದು ಮೋಸವಾ? ದುಡ್ಡು ವಾಪಸ್ ಬರ್ತದಾ?" ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ಮೋಸವಾಗಿರುವ ಸಂಭವ ಕಡಿಮೆ. ದುಡ್ಡು ವಾಪಸ್ ಬರುವ ಸಂಭವ ಅದಕ್ಕಿಂತಲೂ ಕಡಿಮೆ. ಎರಡಕ್ಕೂ ಕಾರಣ ಒಂದೇ. ನೀವು ಕೊಟ್ಟ ಹಣವನ್ನು ಯಾರೂ ಬಚ್ಚಿಟ್ಟುಕೊಂಡಿಲ್ಲ, ಅದು ಕೆಲಸ ಮಾಡಿದವರ ತಿಂಗಳ ಖರ್ಚಿಗೆ ಎಂದೋ ಸಂದುಹೋಗಿದೆ.

ಕಿಕ್‌ಸ್ಟಾರ್ಟರ್ ಎಂಬ, ಯೋಜನೆಗಳಿಗೆ ಜನರಿಂದ ಹಣ ಎತ್ತಿಕೊಡುವ ಜಾಲತಾಣ ಶುರುವಾದದ್ದು 2009ರಲ್ಲಾದರೂ ಗೇಮ್ ಮಾಡುವವರೆಲ್ಲ ಅದರ ಕಡೆ ತಿರುಗಿದ್ದು 2012ರ ಫೆಬ್ರುವರಿಯಲ್ಲಿ, ಡಬಲ್ ಫೈನ್ ಎಂಬ ಅಮೆರಿಕದ ಸಂಸ್ಥೆ ನಾಲ್ಕು ಲಕ್ಷ ಡಾಲರ್ ಕೇಳಿ ಮೂವತ್ತಮೂರು ಲಕ್ಷಕ್ಕೂ ಹೆಚ್ಚು ಪಡೆದ ಮೇಲೆ. ಎಂಬತ್ತೇಳು ಸಾವಿರಕ್ಕೂ ಹೆಚ್ಚು ಜನ ಅದಕ್ಕೆ ಹಣ ಹಾಕಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಕೊಡುತ್ತೇವೆ ಎಂದಿದ್ದ ಆ ಗೇಮ್ 'ಬ್ರೋಕನ್ ಏಜ್' ಎಂಬ ಹೆಸರಿನಲ್ಲಿ ಎರಡು ತುಂಡುಗಳಾಗಿ ಬಂತು. ಮೊದಲರ್ಧ 2014ರ ಜನವರಿಯಲ್ಲಿ, ಉಳಿದರ್ಧ 2015ರ ಏಪ್ರಿಲಿನಲ್ಲಿ. ಕೇಳಿದ್ದರ ಎಂಟು ಪಟ್ಟು ಹಣ ಬಂದರೂ ಅದು ಸಾಲಲಿಲ್ಲ. ಮೊದಲರ್ಧವನ್ನು ಮಾರಿ, ಆ ಹಣದಿಂದ ಉಳಿದರ್ಧವನ್ನು ಮುಗಿಸಿದರು. ಅನುಭವವಿದ್ದ, ಹೆಸರಿದ್ದ, ಕಚೇರಿಯಿದ್ದ ತಂಡದ ಪಾಡೇ ಹೀಗಾದರೆ ಮನೆಯ ಕೋಣೆಯಲ್ಲಿ ಕುಳಿತು ಕೆಲಸ ಮಾಡುವ ಇಬ್ಬರು ಮೂವರ ತಂಡದ ಲೆಕ್ಕ ಹೇಗಿರಬಹುದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಒಂದು ತಂಡಕ್ಕೆ ಐವತ್ತು ಸಾವಿರ ಡಾಲರ್ ಬಂತು ಎಂದುಕೊಳ್ಳಿ. ಕಿಕ್‌ಸ್ಟಾರ್ಟರ್ ತನ್ನ ಪಾಲೆಂದು ಶೇ 5 ಹಿಡಿದುಕೊಳ್ಳುತ್ತದೆ, ಹಣ ಪಾವತಿಯ ಖರ್ಚೆಂದು ಇನ್ನೂ ಶೇ 3ರಿಂದ 5ರವರೆಗೆ ಹೋಗುತ್ತದೆ. ಉಳಿದದ್ದು ನಲವತ್ತೈದು ಸಾವಿರದ ಸುತ್ತಮುತ್ತ. ಅದರಲ್ಲಿ ಹಣ ಹಾಕಿದವರಿಗೆ ಉಡುಗೊರೆಯಾಗಿ ಕಳಿಸುವ ಟೀ ಶರ್ಟು, ಚಿತ್ರಪುಸ್ತಕ, ಅವುಗಳ ಅಂಚೆ ವೆಚ್ಚ, ತೆರಿಗೆ ಎಲ್ಲ ಕಳೆದು ನಲವತ್ತು ಸಾವಿರ ಉಳಿಯಿತು ಎನ್ನೋಣ. ಮೂವರು ಇದ್ದಾರೆ, ಅಮೆರಿಕದ ಯಾವುದೋ ನಗರದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ, ತಲೆಗೆ ತಿಂಗಳಿಗೆ ಮೂರು ಸಾವಿರ ಡಾಲರಿನಲ್ಲಿ ಹೇಗೋ ಸಂಸಾರ ಸಾಗಿಸುತ್ತಾರೆ ಎಂದರೂ ಆ ಹಣ ಐದನೆಯ ತಿಂಗಳನ್ನು ದಾಟುವುದಿಲ್ಲ. ಅವರು ಹೇಳಿದ್ದು ಎರಡು ವರ್ಷದಲ್ಲಿ ಗೇಮ್ ಕೊಡುತ್ತೇವೆ ಎಂದು. ಹಾಗಾದರೆ ಉಳಿದ ಹತ್ತೊಂಬತ್ತು ತಿಂಗಳು ಅವರ ಮನೆಯಲ್ಲಿ ಒಲೆ ಉರಿಯುವುದು ಯಾವ ದುಡ್ಡಿನಿಂದ?

ಯಾವುದೇ ಯೋಜನೆಯ ಬಗ್ಗೆ ನಾನು ಮೊದಲು ಕೇಳುವುದು ಇದನ್ನೇ, ಮತ್ತು ಯೋಜನೆಯ ಪುಟದಲ್ಲಿ ಸಾಮಾನ್ಯವಾಗಿ ಉತ್ತರವಿಲ್ಲದಿರುವುದೂ ಇದಕ್ಕೇ. ಹಾಗಿದ್ದರೆ ಎರಡು ಲಕ್ಷ ಡಾಲರನ್ನೇ ಕೇಳಬಹುದಿತ್ತಲ್ಲ ಎಂದರೆ, ಅಲ್ಲಿನ ನಿಯಮ ಅದಕ್ಕೆ ಅಡ್ಡ ಬರುತ್ತದೆ. ಕೇಳಿದ ಮೊತ್ತ ಪೂರ್ತಿ ಸೇರದಿದ್ದರೆ ಒಂದು ಡಾಲರೂ ಕೈಗೆ ಸಿಗುವುದಿಲ್ಲ. ಹೆಸರಿಲ್ಲದ ತಂಡ ಎರಡು ಲಕ್ಷ ಕೇಳಿದರೆ ಜನ ಹಿಂಜರಿಯುತ್ತಾರೆ. ಹಾಗಾಗಿ ಬೇಕಾದಷ್ಟನ್ನು ಕೇಳದೆ ಸಿಗಬಹುದಾದಷ್ಟನ್ನು ಕೇಳುವುದು ರೂಢಿಯಾಯಿತು. ಕೊರತೆಯನ್ನು ಸ್ವಂತ ಉಳಿತಾಯದಿಂದಲೋ, ಮುಂದೆ ಸಿಗಬಹುದಾದ ಪಬ್ಲಿಷರ್ (ಗೇಮನ್ನು ಮಾರುಕಟ್ಟೆಗೆ ತರುವ ಸಂಸ್ಥೆ) ಅಥವಾ ಹೂಡಿಕೆದಾರರಿಂದಲೋ, ಅರ್ಧ ಮುಗಿದ ಗೇಮನ್ನೇ ಮಾರಿಯೋ ತುಂಬಿಸಿಕೊಳ್ಳುವ ಯೋಚನೆ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಅದು ಸುಳ್ಳೇನೂ ಅಲ್ಲ. ಆದರೆ ಹಣ ಹಾಕುವವರಿಗೆ ಅದನ್ನು ಹೇಳಿರುವುದಿಲ್ಲ ಎಂಬುದು ನನ್ನ ತಕರಾರು.

2012ರಲ್ಲಿಯೇ ಕಾದಂಬರಿಕಾರ ನೀಲ್ ಸ್ಟೀಫನ್ಸನ್ ಅವರ ತಂಡ ಕತ್ತಿವರಸೆಯ 'ಕ್ಲ್ಯಾಂಗ್' ಎಂಬ ಗೇಮಿಗಾಗಿ ಐದು ಲಕ್ಷ ಡಾಲರಿಗೂ ಹೆಚ್ಚು ಎತ್ತಿತು. ಆ ಹಣದಲ್ಲಿ ಒಂದು ಮಾದರಿಯನ್ನು ಸಿದ್ಧಪಡಿಸಿ, ಅದನ್ನು ತೋರಿಸಿ ಪೂರ್ಣ ಗೇಮಿಗೆ ಬೇರೆಡೆಯಿಂದ ಬಂಡವಾಳ ತರುವುದು ಅವರ ಲೆಕ್ಕವಾಗಿತ್ತು. ಮಾದರಿ ಸಿದ್ಧವಾಯಿತು, ಬಂಡವಾಳ ಬರಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಕೆಲಸ ನಿಲ್ಲಿಸಿದರು, ಮರುವರ್ಷ ಅದೇ ತಿಂಗಳಲ್ಲಿ ಯೋಜನೆ ಮುಗಿಯಿತೆಂದು ಪ್ರಕಟಿಸಿದರು. ಇದನ್ನು ಮೋಸವೆಂದು ಕರೆಯಲು ನನಗೆ ಮನಸ್ಸು ಬಾರದು. ಬರಬಹುದೆಂದು ಲೆಕ್ಕ ಹಿಡಿದಿದ್ದ ಹಣ ಬರಲಿಲ್ಲ, ಅಷ್ಟೇ.

ಹುಡುಗರಿಗೆ ನಂಬಲು ಕಷ್ಟವಾಗುವ ಇನ್ನೊಂದು ಸಂಗತಿ ಗೇಮಿನ ಕೆಲಸ ಎಷ್ಟು ಉಳಿದಿದೆ ಎಂಬುದು. "ಟ್ರೇಲರ್ ನೋಡಿದ್ರೆ ಮುಕ್ಕಾಲು ಪಾಲು ಆದ ಹಾಗೇ ಇತ್ತಲ್ಲ ಸರ್" ಎನ್ನುತ್ತಾರೆ. ಟ್ರೇಲರಿಗಾಗಿ ಮಾಡುವುದು ಒಂದು ಲೆವೆಲ್, ಅದರಲ್ಲೂ ಕ್ಯಾಮೆರಾ ಹಾದುಹೋಗುವ ದಾರಿಯಷ್ಟೇ. ಆ ದಾರಿಯಲ್ಲಿ ಪಾತ್ರ ಓಡುತ್ತದೆ, ಜಿಗಿಯುತ್ತದೆ, ಮಳೆ ಬೀಳುತ್ತದೆ, ಸಂಗೀತ ಮೊಳಗುತ್ತದೆ. ಆಟಗಾರ ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಅಲ್ಲಿ ಏನೂ ಇರುವುದಿಲ್ಲ. ಅರ್ಧಕ್ಕೆ ನಿಲ್ಲಿಸಿದ ಗೇಮ್ ಮರುದಿನ ಅಲ್ಲಿಂದಲೇ ತೆರೆದುಕೊಳ್ಳುವಂತೆ ಮಾಡುವುದು, ಹಳೆಯ ಲ್ಯಾಪ್‌ಟಾಪಿನಲ್ಲೂ ತಡೆಯಿಲ್ಲದೆ ನಡೆಯುವಂತೆ ಮಾಡುವುದು, ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ) ಕಂಪನಿಗಳ ತಪಾಸಣೆಯಲ್ಲಿ ಪಾಸಾಗುವುದು, ಆರು ಭಾಷೆಗಳ ಅಕ್ಷರಗಳು ಪೆಟ್ಟಿಗೆಯಿಂದ ಹೊರಚೆಲ್ಲದಂತೆ ನೋಡಿಕೊಳ್ಳುವುದು, ಇಂಥ ಕೆಲಸಗಳು ಯಾವ ಟ್ರೇಲರಿನಲ್ಲೂ ಕಾಣುವುದಿಲ್ಲ. ತಿಂಗಳುಗಟ್ಟಲೆ ದುಡಿದ ಮೇಲೂ ಹಣ ಹಾಕಿದವರಿಗೆ ತೋರಿಸಲು ಒಂದು ಹೊಸ ಚಿತ್ರವೂ ಇರುವುದಿಲ್ಲ. ಇದರ ನಡುವೆ ಗೇಮ್ ಎಂಜಿನಿನ, ಅಂದರೆ ಗೇಮ್ ಕಟ್ಟಲು ಬಳಸುವ ತಂತ್ರಾಂಶದ, ಹೊಸ ಆವೃತ್ತಿ ಬಂದು, ಹಳೆಯದರಲ್ಲಿ ಸರಿಯಾಗಿದ್ದದ್ದು ಹೊಸದರಲ್ಲಿ ಕೆಟ್ಟರೆ ಮಾಡಿದ್ದನ್ನೇ ಮತ್ತೆ ಮಾಡಬೇಕು. ಪ್ರೋಗ್ರಾಮಿಂಗ್ ಕಲಿಸುವವನಾಗಿ ಹೇಳುತ್ತೇನೆ, ಶುರು ಮಾಡುವ ಉತ್ಸಾಹ ಇರುವವರು ತರಗತಿಗೆ ಇಪ್ಪತ್ತು ಮಂದಿ ಸಿಗುತ್ತಾರೆ. ಈ ಬೇಸರದ ಕೆಲಸವನ್ನು ಕೂತು ಮುಗಿಸುವವರು ಒಬ್ಬಿಬ್ಬರು ಸಿಕ್ಕರೆ ಪುಣ್ಯ.

ಹಣ ಕೇಳಿದ್ದಕ್ಕಿಂತ ಹೆಚ್ಚು ಬಂದರೆ ಭರವಸೆಗಳೂ ಹೆಚ್ಚಾಗುತ್ತವೆ. ಲಕ್ಷ ದಾಟಿದರೆ ಹೊಸ ಪಾತ್ರ, ಎರಡು ಲಕ್ಷ ದಾಟಿದರೆ ಇಬ್ಬರು ಒಟ್ಟಿಗೆ ಆಡುವ ಸೌಲಭ್ಯ ಎಂದು ಪ್ರಚಾರದ ಬಿಸಿಯಲ್ಲಿ ಬರೆದುಬಿಡುತ್ತಾರೆ. 2013ರಲ್ಲಿ ಮೂರು ಲಕ್ಷ ಡಾಲರ್ ಎತ್ತಿದ 'ಶೊವೆಲ್ ನೈಟ್' 2014ರ ಜೂನಿನಲ್ಲಿ ಬಂತು, ಚೆನ್ನಾಗಿ ಮಾರಾಟವಾಯಿತು. ಆದರೆ ಪ್ರಚಾರದ ದಿನಗಳಲ್ಲಿ ಹೆಚ್ಚುವರಿಯಾಗಿ ಒಪ್ಪಿಕೊಂಡಿದ್ದ ಭಾಗಗಳನ್ನೆಲ್ಲ ಮುಗಿಸುವಷ್ಟರಲ್ಲಿ 2019ರ ಡಿಸೆಂಬರ್ ಬಂದಿತ್ತು. ಮಾರಾಟದ ಹಣ ಬರುತ್ತಿದ್ದುದರಿಂದ ಆ ತಂಡ ಮಾತು ಉಳಿಸಿಕೊಂಡಿತು. ಮಾರಾಟವೇ ಇಲ್ಲದ ತಂಡಕ್ಕೆ ಅಂಥ ಭರವಸೆ ಕುತ್ತಿಗೆಗೆ ಬೀಳುತ್ತದೆ.

ಕೈಗೆ ಬಂದ ಹಣವನ್ನು ಹೇಗೆ ಖರ್ಚು ಮಾಡಬಾರದು ಎಂಬುದಕ್ಕೆ 'ಯೋಗ್‌ವೆಂಚರ್ಸ್' ಸಾಕು. ಬ್ರಿಟನ್ನಿನ ಪ್ರಸಿದ್ಧ ಯೂಟ್ಯೂಬ್ ತಂಡವೊಂದರ ಹೆಸರಿನಲ್ಲಿ 2012ರಲ್ಲಿ ಐದೂವರೆ ಲಕ್ಷ ಡಾಲರಿಗೂ ಹೆಚ್ಚು ಬಂತು. ಗೇಮ್ ಮಾಡಬೇಕಾಗಿದ್ದದ್ದು ಬೇರೊಂದು ಸಣ್ಣ ಸಂಸ್ಥೆ. ಒಬ್ಬ ಕಲಾವಿದನಿಗೆ ಮೂವತ್ತೈದು ಸಾವಿರ ಡಾಲರನ್ನು ಮುಂಗಡವಾಗಿ ಕೊಟ್ಟೆವು, ಆತ ಎರಡು ವಾರ ಕೆಲಸ ಮಾಡಿ ಬೇರೆ ನೌಕರಿಗೆ ಹೋದ, ಕರಾರು ಗಟ್ಟಿಯಾಗಿರಲಿಲ್ಲವಾದ್ದರಿಂದ ಹಣ ವಾಪಸ್ ಪಡೆಯಲಾಗಲಿಲ್ಲ ಎಂದು ಆ ಸಂಸ್ಥೆಯ ಮುಖ್ಯಸ್ಥರೇ ಆಮೇಲೆ ಬರೆದುಕೊಂಡರು. 2014ರ ಜುಲೈಯಲ್ಲಿ ಯೋಜನೆ ರದ್ದಾಯಿತು. ಬದಲಿಗೆಂದು ಹಣ ಹಾಕಿದವರಿಗೆ 'ಟಗ್' ಎಂಬ ಇನ್ನೊಂದು ಗೇಮನ್ನು ಕೊಟ್ಟರು. ಅದೂ ಜನರ ಹಣದಿಂದಲೇ ಆರಂಭವಾದದ್ದು, ಅದೂ ಪೂರ್ಣಗೊಳ್ಳಲಿಲ್ಲ!

ಸುದ್ದಿ ನಿಂತಿದೆ ಎಂಬುದೊಂದೇ ಕಾರಣದಿಂದ ಗೇಮ್ ಸತ್ತಿದೆ ಎನ್ನುವಂತೆಯೂ ಇಲ್ಲ. ಆಸ್ಟ್ರೇಲಿಯಾದ ಅಡಿಲೇಡಿನ ಪುಟ್ಟ ತಂಡವೊಂದು 2014ರ ಕೊನೆಯಲ್ಲಿ 'ಹಾಲೋ ನೈಟ್' ಗೇಮಿಗೆ ಐವತ್ತೇಳು ಸಾವಿರ ಆಸ್ಟ್ರೇಲಿಯನ್ ಡಾಲರ್ ಎತ್ತಿ, 2017ರ ಫೆಬ್ರುವರಿಯಲ್ಲಿ ಅದನ್ನು ಬಿಡುಗಡೆ ಮಾಡಿತು. ಆಗ ಹೆಚ್ಚುವರಿ ಭಾಗವಾಗಿ ಹೇಳಿದ್ದ ಇನ್ನೊಂದು ಪಾತ್ರದ ಕಥೆ ಬೆಳೆದು ಬೆಳೆದು 'ಸಿಲ್ಕ್‌ಸಾಂಗ್' ಎಂಬ ಸ್ವತಂತ್ರ ಗೇಮ್ ಆಯಿತು. 2019ರಲ್ಲಿ ಅದನ್ನು ಘೋಷಿಸಿದ ತಂಡ ಆಮೇಲೆ ದೀರ್ಘಕಾಲ ಬಾಯಿ ಬಿಡಲೇ ಇಲ್ಲ, ಮತ್ತು ಗೇಮ್ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಅಷ್ಟು ವರ್ಷ ಅವರು ಸುಮ್ಮನಿದ್ದು ಕೆಲಸ ಮಾಡಲು ಸಾಧ್ಯವಾದದ್ದು ಮೊದಲ ಗೇಮ್ ಲಕ್ಷಾಂತರ ಪ್ರತಿ ಮಾರಾಟವಾಗಿದ್ದರಿಂದ. ತಿಂಗಳ ಖರ್ಚಿಗೆ ದಾರಿಯಿರುವ ತಂಡದ ಮೌನ ಬೇರೆ, ಹಣ ತೀರಿದ ತಂಡದ ಮೌನ ಬೇರೆ.

ನಿಜವಾದ ಮೋಸ ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೋರ್ಡ್ ಗೇಮ್ ಮಾಡುತ್ತೇನೆಂದು 2012ರಲ್ಲಿ ಒಂದು ಲಕ್ಷದ ಇಪ್ಪತ್ತೆರಡು ಸಾವಿರ ಡಾಲರ್ ಎತ್ತಿ, ಅದರಲ್ಲಿ ಬಹುಪಾಲನ್ನು ಮನೆ ಬಾಡಿಗೆಗೂ ಸ್ವಂತ ಖರ್ಚಿಗೂ ಬಳಸಿದ ಒಬ್ಬಾತನ ಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಕ್ರಮ ಕೈಗೊಂಡಿತು. ಕ್ರೌಡ್‌ಫಂಡಿಂಗ್ ಎಂದರೆ ಹೀಗೆ ಜನರಿಂದ ಹಣ ಎತ್ತುವ ವಿಷಯದಲ್ಲಿ ಆ ಸಂಸ್ಥೆಯ ಮೊದಲ ಪ್ರಕರಣ ಅದು. ಒಂದು ಲಕ್ಷದ ಹನ್ನೊಂದು ಸಾವಿರ ಡಾಲರ್ ಕಟ್ಟಬೇಕೆಂದು ಆದೇಶವಾಯಿತು, ಆದರೆ ಕಟ್ಟುವ ಶಕ್ತಿ ಆತನಿಗಿಲ್ಲವೆಂದು ವಸೂಲಿಯನ್ನು ತಡೆಹಿಡಿಯಲಾಯಿತು. ಅದೇ ವರ್ಷ ವಾಷಿಂಗ್ಟನ್ ರಾಜ್ಯದಲ್ಲಿ ಇಸ್ಪೀಟು ಎಲೆಗಳ ಯೋಜನೆಯೊಂದರ ಬಗ್ಗೆ ತೀರ್ಪು ಬಂದು ಐವತ್ತನಾಲ್ಕು ಸಾವಿರ ಡಾಲರಿಗೂ ಹೆಚ್ಚು ವಿಧಿಸಲಾಯಿತಾದರೂ, ಅದರಲ್ಲಿ ಹಣ ಕಳೆದುಕೊಂಡವರಿಗೆಂದು ಇದ್ದದ್ದು 668 ಡಾಲರ್, ಅದೂ ಆ ರಾಜ್ಯದ 31 ಮಂದಿಗೆ. ದಾವೆ ಗೆದ್ದಲ್ಲೇ ಕಥೆ ಹೀಗಿರುವಾಗ ಸಿದ್ದಾಪುರದಲ್ಲಿ ಕುಳಿತು ಇಪ್ಪತ್ತು ಡಾಲರಿಗೆ ಯಾರ ಮೇಲೆ ದಾವೆ ಹೂಡುತ್ತೀರಿ? ಕಾರ್ಡಿನ ಬ್ಯಾಂಕಿಗೆ ತಕರಾರು ಕೊಡಲು ಸಮಯದ ಮಿತಿ ಇರುತ್ತದೆ; ಗೇಮ್ ಬರುವುದಿಲ್ಲವೆಂದು ಖಚಿತವಾಗುವ ಹೊತ್ತಿಗೆ ಅದು ಮೀರಿರುತ್ತದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸುವಾಗ ನಾನು ಯಕ್ಷಗಾನದ ಮಾತು ತೆಗೆಯುತ್ತೇನೆ. ಟಿಕೆಟ್ ಕೊಂಡು ಟೆಂಟಿನೊಳಗೆ ಕುಳಿತವನು ಪ್ರಸಂಗ ನಡೆಯದಿದ್ದರೆ ಕೌಂಟರಿನಲ್ಲಿ ಹಣ ವಾಪಸ್ ಕೇಳುತ್ತಾನೆ. ಊರಲ್ಲಿ ಬಯಲಾಟ ಆಡಿಸಲು ವಂತಿಗೆ ಕೊಟ್ಟವನು ಮಳೆ ಬಂದು ಆಟ ನಿಂತರೆ ಸಮಿತಿಯವರ ಹತ್ತಿರ ಲೆಕ್ಕ ಕೇಳುತ್ತಾನೆ. ಕಿಕ್‌ಸ್ಟಾರ್ಟರಿನಲ್ಲಿ ನೀವು ಹಾಕಿದ್ದು ವಂತಿಗೆ. ತಾನು ಅಂಗಡಿಯಲ್ಲ ಎಂದು ಆ ಸಂಸ್ಥೆ 2012ರಲ್ಲಿಯೇ ಸ್ಪಷ್ಟವಾಗಿ ಪ್ರಕಟಿಸಿತ್ತು. 2014ರಲ್ಲಿ ತಿದ್ದಿದ ಷರತ್ತುಗಳ ಪ್ರಕಾರ, ಯೋಜನೆ ಮುಗಿಸಲಾಗದವರು ಯಾವ ಕೆಲಸ ಆಗಿದೆ, ಹಣ ಹೇಗೆ ಖರ್ಚಾಗಿದೆ, ಯಾವುದು ಅಡ್ಡಿಯಾಯಿತು ಎಂಬುದನ್ನು ಹಣ ಹಾಕಿದವರಿಗೆ ತಿಳಿಸಬೇಕು, ಮತ್ತು ಉಳಿದ ಹಣವಿದ್ದರೆ ವಾಪಸ್ ಕೊಡಲು ಮುಂದಾಗಬೇಕು, ಇಲ್ಲವೇ ಅದನ್ನು ಹೇಗೆ ಬಳಸುತ್ತೇವೆಂದು ವಿವರಿಸಬೇಕು. ಆದ್ದರಿಂದ ಬೈದು ಬರೆಯುವ ಬದಲು ಈ ಷರತ್ತನ್ನು ಉಲ್ಲೇಖಿಸಿ, ಲೆಕ್ಕವನ್ನು ಕೇಳಿ ಬರೆಯಿರಿ ಎನ್ನುತ್ತೇನೆ. ಮಾಡಿದಷ್ಟನ್ನು ಆಡುವ ಸ್ಥಿತಿಯಲ್ಲಿಟ್ಟು ಕೊಡಿ ಎಂದೂ ಕೇಳಬಹುದು. ಅದಕ್ಕೆ ಹೊಸದಾಗಿ ಹಣ ಬೇಕಾಗುವುದು ಕಡಿಮೆ.

ಇಷ್ಟು ಓದಿ ಎಲ್ಲವೂ ಮುಳುಗುವ ದೋಣಿಗಳೇ ಎಂದುಕೊಳ್ಳಬೇಡಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ 2015ರಲ್ಲಿ ಕಿಕ್‌ಸ್ಟಾರ್ಟರಿನಲ್ಲಿ ಹಣ ಹಾಕಿದ ಸುಮಾರು ನಲವತ್ತೇಳು ಸಾವಿರ ಜನರನ್ನು ಕೇಳಿ ಮಾಡಿದ ಅಧ್ಯಯನದಲ್ಲಿ, ಹಣ ಪಡೆದ ಯೋಜನೆಗಳ ಪೈಕಿ ಹೇಳಿದ್ದನ್ನು ಕೊಡದೇ ಹೋದವು ಸುಮಾರು ಶೇ 9ರಷ್ಟು ಎಂದು ಕಂಡುಬಂತು. ಇದು ಗೇಮ್‌ಗಳಷ್ಟೇ ಅಲ್ಲ, ಎಲ್ಲ ಬಗೆಯ ಯೋಜನೆಗಳೂ ಸೇರಿದ ಲೆಕ್ಕ.

ಇನ್ನು ತಾವೇ ಗೇಮ್ ಮಾಡಿ ಹಣ ಎತ್ತಬೇಕೆಂದಿರುವ ಇಲ್ಲಿನ ಹುಡುಗರಿಗೆ ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ಗೇಮಿನ ಕಥೆ ಹೇಳುತ್ತೇನೆ. 2017ರಲ್ಲಿ ಅವರ ಕಿಕ್‌ಸ್ಟಾರ್ಟರ್ ಪ್ರಯತ್ನಕ್ಕೆ ಬೇಕಾದಷ್ಟು ಹಣ ಸೇರಲಿಲ್ಲ, ನಿಯಮದಂತೆ ಯಾರ ಖಾತೆಯಿಂದಲೂ ಒಂದು ರೂಪಾಯಿ ಕಡಿತವಾಗಲಿಲ್ಲ. ಆ ತಂಡ ಬೇರೆ ಕಡೆಯಿಂದ ನೆರವು ಹುಡುಕಿಕೊಂಡು 2020ರಲ್ಲಿ ಗೇಮನ್ನು ಹೊರತಂದಿತು. ಐದು ತಿಂಗಳಿಗಾಗುವಷ್ಟು ಹಣ ಕೈಗೆ ಬಂದು, ಸಾವಿರಾರು ಜನರಿಗೆ ಎರಡು ವರ್ಷದ ಮಾತು ಕೊಟ್ಟು ಕುಳಿತುಕೊಳ್ಳುವುದಕ್ಕಿಂತ ಅದು ಎಷ್ಟೋ ಮೇಲು. ಹಾಗಾಗಿ ನನ್ನ ಬಳಿ ಯೋಜನೆ ಹಿಡಿದು ಬರುವವರಿಗೆ ಮೊದಲು ಒಂದು ಸಣ್ಣ ಗೇಮನ್ನು, ಹತ್ತು ನಿಮಿಷದಲ್ಲಿ ಆಡಿ ಮುಗಿಸುವಂಥದ್ದನ್ನು, ಪೂರ್ತಿ ಮಾಡಿ ಅಂತರ್ಜಾಲದಲ್ಲಿ ಬಿಡುಗಡೆ ಮಾಡಿಕೊಂಡು ಬನ್ನಿ ಎನ್ನುತ್ತೇನೆ. ಆಮೇಲೆ ಮನೆಯ ತಿಂಗಳ ಖರ್ಚನ್ನು ಒಂದು ಹಾಳೆಯಲ್ಲಿ ಬರೆಸಿ, ಅದನ್ನು ತಿಂಗಳುಗಳಿಂದ ಗುಣಿಸಿ ಬಂದ ಮೊತ್ತವನ್ನೇ ಯೋಜನೆಯ ಪುಟದಲ್ಲಿ ಹಾಕಿ, ಕೇಳುತ್ತಿರುವುದು ಅದರಲ್ಲಿ ಎಷ್ಟು ಪಾಲು, ಉಳಿದದ್ದು ಎಲ್ಲಿಂದ ಬರುತ್ತದೆ ಎಂಬುದನ್ನೂ ಅಲ್ಲೇ ಬರೆಯಿರಿ ಎನ್ನುತ್ತೇನೆ. ಹಾಗೆ ಬರೆದರೆ ಯಾರು ದುಡ್ಡು ಕೊಡ್ತಾರೆ ಸರ್ ಎಂದು ಕೇಳಿದವರೂ ಇದ್ದಾರೆ. ಕಡಿಮೆ ಜನ ಕೊಡಬಹುದು, ಆದರೆ ಕೊಟ್ಟವರಿಗೆ ತಾವು ಕೊಟ್ಟದ್ದು ಯಾವುದಕ್ಕೆಂದು ಗೊತ್ತಿರುತ್ತದೆ.